ಕೊಳ್ಳುವ ಮಾತು ತಂಗಿಗೆ, ಮಾರುವ ಮಾತು ನನಗೆ

ಚಪ್ಪಲಿ ಅಂಗಡಿಯವನು ನನ್ನ ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ದಿನ ನಾನು ಏನೂ ಕೊಳ್ಳದೆ ಹೊರಗೆ ಓಡಿ ಬಂದೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಸಣ್ಣ ಅಂಗಡಿ ಅದು. ಒಂದು ಜೋಡಿ ಎತ್ತಿ ಹಿಡಿದು "ಹೌ ಮಚ್ ಈಸ್ ದಿಸ್?" ಎಂದು ಕೇಳಿದ್ದೆ. ಅವನು ತಲೆ ಎತ್ತದೆ ಬೆಲೆ ಹೇಳಿ, ಯಾವ ಸೈಜು ಬೇಕೆಂದು ಅದೇ ಭಾಷೆಯಲ್ಲಿ ಕೇಳಿದ. ನಗಲಿಲ್ಲ, ಮೇಲೆ ಕೆಳಗೆ ನೋಡಲಿಲ್ಲ. ಎಲ್ಲರ ಜೊತೆ ಮಾತಾಡುವ ಹಾಗೆ ನನ್ನ ಜೊತೆಯೂ ಮಾತಾಡಿದ. ಗುಡಿಯ ಮುಂದೆ ನಿಂತು ಒಬ್ಬಳೇ ನಗುತ್ತಿದ್ದೆ. ಹೂವು ಕಟ್ಟುತ್ತಿದ್ದ ಹೆಂಗಸು ಏನಾಯಿತೆಂದು ಕೇಳಿದಾಗ, ಇಂಗ್ಲಿಷ್ ಮಾತಾಡಿ ಬಂದೆ ಎಂದು ಹೇಳಿಬಿಟ್ಟೆ. ಹಾಗಾದರೆ ಒಂದು ಮೊಳ ಹೂವು ತೆಗೆದುಕೋ ಎಂದಳು ಅವಳು.

ನಾನು ಏಳನೆಯ ತರಗತಿಗೆ ಸಾಲೆ ಬಿಟ್ಟವಳು. ನನ್ನ ತಂಗಿಯೂ ಅಷ್ಟೇ. ತಿಕೋಟಾದಲ್ಲಿ ನಮ್ಮದು ಬಳೆ ಅಂಗಡಿ. ಸಂತೆಯ ದಿನ ಬಬಲೇಶ್ವರಕ್ಕೆ ಹೋಗಿ ಚಾದರ ಹಾಸಿ ಕೂರುತ್ತೇವೆ. ದುಡ್ಡಿನ ಗಲ್ಲೆಯ ಹತ್ತಿರ ದೊಡ್ಡವರು ಕೂರಬೇಕು ಎಂಬುದು ಅವ್ವ ಹಾಕಿಕೊಟ್ಟ ಪದ್ಧತಿ. ಹೀಗಾಗಿ ದುಡ್ಡು ನನ್ನ ಕೈಯಲ್ಲಿ, ಗಿರಾಕಿಗಳ ಕೈ ತಂಗಿಯ ಕೈಯಲ್ಲಿ.

ಅವಳ ಕೈಗುಣ ದೊಡ್ಡದು ಎಂದು ಸುತ್ತಲಿನ ಊರುಗಳಲ್ಲೆಲ್ಲ ಮಾತು. ಬಸುರಿಯರ ಕುಬಸಕ್ಕೆ ಹಸಿರು ಬಳೆ ಇಡಬೇಕೆಂದರೆ ಅವಳೇ ಬೇಕು. ಅವಳು ಊಟಕ್ಕೆ ಹೋಗಿದ್ದರೆ ಹೆಂಗಸರು ನನ್ನೆದುರಿಗೇ ಕಾಯುತ್ತ ಕೂರುತ್ತಿದ್ದರು. "ನಿನ್ನ ಕೈ ಬ್ಯಾಡವಾ, ಸಣ್ಣಾಕಿ ಎಲ್ಲದಾಳ?" ಎಂದು ಕೇಳುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ. ಆ ನಗು ಒಳಗೆ ಎಲ್ಲಿ ಹೋಗಿ ಕೂತಿತ್ತು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ನಮಗೆ ಬಳೆಯ ಡಬ್ಬಿಗಳನ್ನು ಸಗಟಿನಲ್ಲಿ ಕೊಡುವ ವ್ಯಾಪಾರಿಯ ಹೆಂಡತಿ ವಿಜಯಪುರದಲ್ಲಿ ಹೊಸ ಅಂಗಡಿ ತೆರೆಯುವವಳಿದ್ದಳು. ಬಳೆ, ಕಿವಿಯೋಲೆ, ಚೀಲ ಎಲ್ಲ ಇರುವ ದೊಡ್ಡ ಅಂಗಡಿ. ಗುಮ್ಮಟ ನೋಡಲು ಬರುವವರು, ಹೊರಗಿನಿಂದ ಬಂದು ಆಸ್ಪತ್ರೆ ಕಾಲೇಜುಗಳಲ್ಲಿ ದುಡಿಯುವವರು ಅಲ್ಲಿಗೆ ಬರುತ್ತಾರೆ. ಬಳೆ ಇಡಲು ಬರಬೇಕು, ನಾಲ್ಕು ಮಾತು ಇಂಗ್ಲಿಷೂ ಬರಬೇಕು, ನಿಮ್ಮಿಬ್ಬರಲ್ಲಿ ಒಬ್ಬಳನ್ನು ತೆಗೆದುಕೊಳ್ಳುತ್ತೇನೆ, ಶ್ರಾವಣದಲ್ಲಿ ಬಂದು ತೋರಿಸಿ ಎಂದಳು. ಅಂದು ಮರಳಿ ಬರುವಾಗ ಬಸ್ಸಿನಲ್ಲಿ ತಂಗಿ ಒಂದೇ ಸಮನೆ ಅದನ್ನೇ ಮಾತಾಡಿದಳು. ಗಾಜಿನ ಬಾಗಿಲು, ತಿಂಗಳ ಪಗಾರ, ದಿನಾ ಪೇಟೆಗೆ ಹೋಗಿಬರುವುದು. "ಸಂತಿ ಧೂಳದಾಗ ನಾ ಮುದುಕಿ ಆಗೂದಿಲ್ಲ ನೋಡ ಯಕ್ಕಾ," ಎಂದಳು. ನನಗೂ ಆ ಕೆಲಸ ಬೇಕಾಗಿತ್ತು.

ಇಬ್ಬರೂ ಅಂಗಡಿ ಬಿಟ್ಟು ವಿಜಯಪುರದ ಇಂಗ್ಲಿಷ್ ಕ್ಲಾಸಿಗೆ ಹೋಗುವ ಹಾಗಿರಲಿಲ್ಲ. ದೊಡ್ಡವಳೆಂದು ನಾನು ಹೊರಟೆ. ಮಧ್ಯಾಹ್ನ ಕಲಿತದ್ದನ್ನು ಸಂಜೆ ತಂಗಿಗೆ ಕಲಿಸಬೇಕು, ಆಮೇಲೆ ಇಬ್ಬರೂ ಹೋಗಿ ತೋರಿಸಬೇಕು, ಯಾರನ್ನು ಆರಿಸಿದರೂ ಇನ್ನೊಬ್ಬಳು ಬೇಸರ ಮಾಡಿಕೊಳ್ಳಬಾರದು ಎಂದು ಮಾತಾಯಿತು.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಹಳೆಯ ಮನೆಯ ಪಡಸಾಲೆಯಲ್ಲಿ ಕ್ಲಾಸು. ಟೀಚರು ಮೈಸೂರು ಕಡೆಯ ಹೆಣ್ಣುಮಗಳು. ಚಾಪೆಯ ಮೇಲೆ ಬದನೆಕಾಯಿ, ಉಳ್ಳಾಗಡ್ಡಿ ಹರವಿ ಒಬ್ಬರನ್ನು ಗಿರಾಕಿ, ಒಬ್ಬರನ್ನು ಅಂಗಡಿಯವರು ಮಾಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅದಲು ಬದಲು. ಕಾಲಗಳನ್ನು ಕಲಿಸಲು ನನ್ನ ಕೈಯ ಬಳೆಯನ್ನೇ ತೆಗೆಸಿ ಹಾಕಿಸುತ್ತಿದ್ದರು: ನಿನ್ನೆ ಹಾಕಿಕೊಂಡೆ, ಈಗ ಹಾಕಿಕೊಳ್ಳುತ್ತಿದ್ದೇನೆ, ನಾಳೆ ಹಾಕಿಕೊಳ್ಳುತ್ತೇನೆ. 'ಹ್ಯಾಸ್ ಗಾನ್' ಎಂಬುದು ಉಳಿದವರಿಗೆ ತಲೆಗೆ ಹತ್ತಲಿಲ್ಲ. ನನಗೆ ಥಟ್ಟನೆ ಹೊಳೆಯಿತು. ಅದು ನಮ್ಮ 'ಹೋಗ್ಯಾಳ'. ಹೋದವಳು ಇನ್ನೂ ಬಂದಿಲ್ಲ, ಅಷ್ಟೇ! ಅಂದು ತೊರವಿ ದಾಟುವವರೆಗೂ ಬಸ್ಸಿನ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಇಂಗ್ಲಿಷಿಗೆ ಹಾಕಿದೆ. ಎಮ್ಮೆ ನಿಂತಿದೆ, ಟ್ರ್ಯಾಕ್ಟರ್ ಬರುತ್ತಿದೆ, ಮಳೆ ಬರುತ್ತದೆ. ಜಗತ್ತಿಗೆ ಎರಡನೆಯ ಸಲ ಹೆಸರಿಟ್ಟ ಹಾಗೆ ಆಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕ ಸ್ವಲ್ಪ ಸರಿದು ಕೂತ.

ಸಂಜೆ ತಂಗಿ ರೊಟ್ಟಿ ಬಡಿಯುತ್ತ ಕಲಿಯುತ್ತಿದ್ದಳು. ನನಗೆ ವಾರ ಹಿಡಿದದ್ದು ಅವಳಿಗೆ ಒಂದು ಬುಟ್ಟಿ ರೊಟ್ಟಿ ಆಗುವುದರೊಳಗೆ ಬರುತ್ತಿತ್ತು. ಮೊದಲ ದಿನ ನಾನು ಅಂಗಡಿಯವಳಾದೆ, ಅವಳನ್ನು ಗಿರಾಕಿ ಮಾಡಿದೆ. ಗಲ್ಲೆಯ ಹತ್ತಿರ ಕೂರುವವಳು ನಾನೇ ಅಲ್ಲವೇ, ಅದರಲ್ಲಿ ಇಬ್ಬರಿಗೂ ಏನೂ ವಿಶೇಷ ಕಾಣಲಿಲ್ಲ. ಮರುದಿನವೂ ಹಾಗೇ. ಅದಲು ಬದಲು ಮಾಡಬೇಕಾದ ದಿನ ಬಂದಾಗ, ನಿನ್ನ ಉಚ್ಚಾರ ಇನ್ನೂ ಪಳಗಬೇಕು ಎಂದೆ. ಸುಳ್ಳು. ಅವಳ ಉಚ್ಚಾರ ನನ್ನದಕ್ಕಿಂತ ಚೆನ್ನಾಗಿತ್ತು. ಮಾರುವವರಿಗೆ ಮುಂದಿನ ಕಾಲ ಬೇಕೇ ಬೇಕು, ತೋರಿಸುತ್ತೇನೆ, ಒಪ್ಪುತ್ತದೆ, ತರಿಸಿಕೊಡುತ್ತೇನೆ ಎನ್ನಲು ಬರಬೇಕು ಎಂದು ಟೀಚರು ಹೇಳಿದ್ದರು. ನಾಳೆಯ ಮಾತಿಗೆ ಏನನ್ನುತ್ತಾರೆ ಎಂದು ತಂಗಿ ಕೇಳಿದಾಗ, ಅದನ್ನು ಇನ್ನೂ ಕಲಿಸಿಲ್ಲ ಎಂದುಬಿಟ್ಟೆ. ಡಜನ್ ಬಳೆ ಕೊಂಡವರಿಗೆ ಒಂದು ಬಳೆ ಕೊಸರು ಕೊಡದೆ ನಮ್ಮ ಮನೆತನದಲ್ಲಿ ಯಾರೂ ಗಿರಾಕಿಯನ್ನು ಕಳಿಸಿದವರಲ್ಲ. ಒಡಹುಟ್ಟಿದವಳಿಗೆ ನಾನು ಅರ್ಧವನ್ನೇ ಕೊಟ್ಟೆ.

ಬಬಲೇಶ್ವರದ ಸಂತೆಯಲ್ಲಿ ಅದು ಹೊರಬಿತ್ತು. ಜೈನಾಪುರದ ಒಬ್ಬ ಹುಡುಗಿ ತನ್ನ ಜೊತೆ ಆಸ್ಪತ್ರೆಯಲ್ಲಿ ದುಡಿಯುವ ಕೇರಳದ ನರ್ಸನ್ನು ಕರೆದುಕೊಂಡು ಬಂದಳು. ಆ ನರ್ಸ್ ಕೈ ಚಾಚಿ, ಇದಕ್ಕಿಂತ ಸಣ್ಣ ಅಳತೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತಂಗಿಯ ಮುಖ ಅರಳಿತು. ಕೇಳಿದ್ದು ಅವಳಿಗೆ ತಿಳಿದಿತ್ತು. ಆದರೆ ಬಾಯಲ್ಲಿ ಇದ್ದದ್ದು ನಾನು ಕೊಟ್ಟದ್ದಷ್ಟೇ.

"ಹೌ ಮಚ್? ಟೂ ಕಾಸ್ಟ್ಲಿ. ಪ್ಲೀಸ್ ರೆಡ್ಯೂಸ್," ಎಂದಳು.

ನರ್ಸ್ ಬಾಯಿ ಮುಚ್ಚಿಕೊಂಡು ನಕ್ಕಳು. ಜೈನಾಪುರದ ಹುಡುಗಿ, "ಯಾರು ಮಾರಾಕತ್ತೀರಿ, ಯಾರು ತಗೋಳಾಕತ್ತೀರಿ ಹೇಳ್ರಿ ಮೊದಲ," ಎಂದಳು. ತಂಗಿಯೂ ನಕ್ಕಳು. ನಾನು ಗಲ್ಲೆಯ ಕಡೆಯಿಂದ ಬಾಗಿ, "ಐ ವಿಲ್ ಶೋ ಯು," ಎಂದು ಸಣ್ಣ ಅಳತೆಯ ಡಬ್ಬಿ ಮುಂದಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ತಂಗಿ ತಿರುಗಿ ನನ್ನನ್ನು ನೋಡಿದಳು.

ಸಂತೆ ಮುಗಿದು ಗಂಟು ಕಟ್ಟುವಾಗ ಮೆಲ್ಲಗೆ ಕೇಳಿದಳು: "ಯಕ್ಕಾ, ನನಗ ಕೊಳ್ಳೂ ಮಾತಷ್ಟ ಕಲಿಸೀದಿ. ನಾ ಮಾರಾಕಿ ಅಲ್ಲೇನ?"

ನಾನು ಚಾದರದ ತುದಿ ಬಿಗಿಯತೊಡಗಿದೆ. "ಮರತಿರಬೇಕು ಬಿಡು," ಎಂದು ಅವಳೇ ಹೇಳಿದಳು. ಅವಳು ಕೊಟ್ಟ ನೆಪವನ್ನು ನಾನು ತೆಗೆದುಕೊಂಡೆ. ಆಮೇಲಿನ ದಿನಗಳಲ್ಲಾದರೂ ಕಲಿಸಬಹುದಿತ್ತು. ಕಲಿಸಲಿಲ್ಲ.

ಹೊಸ ಅಂಗಡಿಯಾಕೆ ಕರೆದ ದಿನ ಬೆಳಿಗ್ಗೆ ತಿಕೋಟಾದಲ್ಲಿ ಬಸ್ಸು ಹತ್ತಿದೆವು. ತಂಗಿ ಅವ್ವನ ಇಳಕಲ್ ಸೀರೆ ಉಟ್ಟಿದ್ದಳು. ಕಿಟಕಿಯ ಹತ್ತಿರ ಕೂತು ನಾನು ಕಲಿಸಿದ್ದನ್ನೇ ಮತ್ತೆ ಮತ್ತೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಎಷ್ಟು, ಬಹಳಾಯಿತು, ಕಡಿಮೆ ಮಾಡಿ. ಕಡಿಮೆ ಮಾಡಿ ಎಂದು ಅವಳು ಕಣ್ಣು ಮುಚ್ಚಿ ಹೇಳುವುದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಮುಂದಿನ ಕಾಲವನ್ನು ಟೀಚರು ಯಾವಾಗಲೋ ಕಲಿಸಿಯಾಗಿದೆ. ನಿನ್ನ ಕೈ ಎಲ್ಲರಿಗೂ ಬೇಕು, ಇದೊಂದಾದರೂ ನನ್ನದಾಗಿರಲಿ ಅನ್ನಿಸಿತು ಎಂದೆ.

ತಂಗಿ ಹೊರಗೆ ನೋಡುತ್ತ ಕೂತಳು. ತೊರವಿ ಬಂತು. ಅಲ್ಲಿ ಒಂದಿಷ್ಟು ಜನ ಹತ್ತಿದರು, ಬಸ್ಸು ಮತ್ತೆ ಹೊರಟಿತು. ಆಗ ನನ್ನ ಕಡೆ ತಿರುಗಿದಳು.

"ಸಿಟ್ಟ ಬಂದೈತಿ ನನಗ. ಆಮ್ಯಾಲ ಬೈತೀನಿ, ಈಗ ಟೈಮ್ ಇಲ್ಲ. ಲಗೂನ ಗಿರಾಕಿ ಆಗು."

ನಾನು ಗಿರಾಕಿಯಾದೆ. ಬ್ಯಾಗಿನಲ್ಲಿದ್ದ ಬಳೆಗಳನ್ನು ಮಡಿಲಲ್ಲಿ ಹರವಿದೆವು. ತೋರಿಸುತ್ತೇನೆ, ಒಪ್ಪುತ್ತದೆ, ನಾಳೆ ತರಿಸುತ್ತೇನೆ. ನಾನು ಒಂದು ಹೇಳಿದರೆ ಅವಳು ನಾಲ್ಕು ಕಟ್ಟುತ್ತಿದ್ದಳು. ಮುಂದಿನ ಸೀಟಿನ ಆಯಿ ತಿರುಗಿ ಕೂತು, ತನಗೂ ತೋರಿಸು ಎಂದು ಕೈ ಚಾಚಿದಳು. ತಂಗಿ ಆಯಿಗೆ ಇಂಗ್ಲಿಷಿನಲ್ಲೇ ಬಳೆ ತೋರಿಸಿದಳು. "ಏನಂದ್ಲೋ ತಿಳೀಲಿಲ್ಲ, ಆದ್ರ ತಗೋಬೇಕು ಅನಸ್ತೈತಿ," ಎಂದಳು ಆಯಿ. ಕಂಡಕ್ಟರ್ ಬಂದು, ಬಸ್ಸಿನಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ ಎಂದ. "ಐ ವಿಲ್ ನಾಟ್ ಸೆಲ್, ಸರ್," ಎಂದಳು ತಂಗಿ. ಸುತ್ತಲಿದ್ದವರು ಹೋ ಎಂದು ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಳ್ಳುತ್ತ.

ಹೊಸ ಅಂಗಡಿಯ ಬಾಗಿಲಲ್ಲಿ ತಂಗಿ ನನ್ನನ್ನು ದಾಟಿ ಮುಂದೆ ಹೋದಳು. ಇಷ್ಟು ವರ್ಷದಲ್ಲಿ ಎಲ್ಲಿಗೇ ಹೋದರೂ ನಾನು ಮುಂದೆ, ಅವಳು ಹಿಂದೆ. ಅಂಗಡಿಯಾಕೆ ತಾನೇ ಗಿರಾಕಿಯಾಗಿ ಕೈ ಚಾಚಿದಳು. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ನೋಡಿದೆ. ತಂಗಿ ಅಲ್ಲಲ್ಲಿ ತಡವರಿಸಿದಳು, ಆದರೆ ನಿಲ್ಲಲಿಲ್ಲ. ಡಜನ್ ಬಳೆ ಇಟ್ಟಳು. ಇಟ್ಟವಳು ರೂಢಿಯಂತೆ ಒಂದು ಕೊಸರಿನ ಬಳೆಯನ್ನೂ ಏರಿಸಿಬಿಟ್ಟಳು.

ಅಂಗಡಿಯಾಕೆ ಕೈ ಹಿಂದೆಳೆದುಕೊಂಡಳು. ಇಲ್ಲಿ ಕೊಸರು ನಡೆಯುವುದಿಲ್ಲ, ಎಲ್ಲ ಕಂಪ್ಯೂಟರ್ ಲೆಕ್ಕ, ತೆಗೆ ಎಂದಳು. ಬಿಗಿಯಾಗಿ ಕೂತ ಗಾಜಿನ ಬಳೆ, ತೆಗೆದರೆ ಒಡೆಯುವುದೇ. ಒಡೆದರೆ ಆಕೆಯ ಹೊಸ ಅಂಗಡಿಗೆ ಅಪಶಕುನ. ತಂಗಿ ಬಳೆ ತೆಗೆಯಲು ಹೋಗಲಿಲ್ಲ.

"ಇಟ್ ವಿಲ್ ಬ್ರೇಕ್, ಮೇಡಮ್. ಐ ವಿಲ್ ಪೇ," ಎಂದಳು.

ಅಂಗಡಿಯಾಕೆ ಅವಳನ್ನು ಒಂದು ಗಳಿಗೆ ನೋಡಿ ನಕ್ಕಳು. "ಈಗ ಕೊಡಬ್ಯಾಡ. ನಿನ್ನ ಪಗಾರದಾಗ ಹಿಡಕೋತೀನಿ."

ಪಗಾರ ಎಂಬ ಮಾತು ಕೇಳಿದ ಕೂಡಲೇ ನಾನು ಸ್ಟೂಲಿನಿಂದ ಎದ್ದು ನಿಂತೆ. ಕುಣಿಯಬೇಕು ಅನ್ನಿಸಿತು. ಹೊಟ್ಟೆಯಲ್ಲಿ ಸಣ್ಣಗೆ ಉರಿಯೂ ಎದ್ದಿತು. ಎರಡೂ ನಿಜ. ಆಮೇಲೆ ನನ್ನ ಸರದಿ ಬಂತು, ಒಂದೂ ತಪ್ಪಿಲ್ಲದೆ ಹೇಳಿದೆ. ಚೊಲೊ ಹೇಳಿದಿ ಎಂದಳು ಆಕೆ, ಬಾಗಿಲವರೆಗೂ ಬಂದು ಕಳಿಸಿದಳು.

ಈಗ ತಿಕೋಟಾದ ಅಂಗಡಿಯಲ್ಲಿ ನಾನೊಬ್ಬಳೇ. ಸಣ್ಣಾಕಿ ಎಲ್ಲಿ ಎಂದು ಕೇಳಿದವರಿಗೆಲ್ಲ "ಶಿ ಹ್ಯಾಸ್ ಗಾನ್ ಟು ವಿಜಯಪುರ" ಎಂದೇ ಹೇಳುತ್ತೇನೆ. ಅವರು ಹುಬ್ಬೇರಿಸಿ, ಹಾಗಾದರೆ ನೀನೇ ಇಡು ಎಂದು ಕೈ ಕೊಡುತ್ತಾರೆ. ಸಂಜೆ ಬಸ್ಸಿನಿಂದ ಇಳಿಯುತ್ತಲೇ ತಂಗಿ ಆ ದಿನ ಕೇಳಿದ ಹೊಸ ಮಾತುಗಳನ್ನೆಲ್ಲ ನನ್ನ ಮುಂದೆ ಸುರಿಯುತ್ತಾಳೆ. ಗಿರಾಕಿಯದೂ ಹೇಳುತ್ತಾಳೆ, ಅಂಗಡಿಯವರದೂ ಹೇಳುತ್ತಾಳೆ. ಉಚ್ಚಾರ ತಪ್ಪಿದರೆ ತಿದ್ದುತ್ತಾಳೆ, ಬರುವವರೆಗೂ ಬಿಡುವುದಿಲ್ಲ. ಆಮೇಲೆ ಬೈಯುತ್ತೇನೆ ಎಂದಿದ್ದಳಲ್ಲ, ಆ ಬೈಗುಳ ಇನ್ನೂ ಬಂದಿಲ್ಲ. ಬಸ್ಸು ನಿಂತಾಗಲೆಲ್ಲ ಇವತ್ತು ಬೈಯಬಹುದು ಎಂದುಕೊಂಡು ಎದ್ದು ನಿಲ್ಲುತ್ತೇನೆ. ಅವಳು ದೂರದಿಂದಲೇ ಕೈ ಬೀಸುತ್ತ, "ಯಕ್ಕಾ, ಇವತ್ತೊಂದು ಹೊಸಾದು ಐತಿ ನೋಡು," ಎಂದು ಓಡಿ ಬರುತ್ತಾಳೆ.