ಕೇಳಿಸಿಕೊಳ್ಳಲು ಒಂದಿಷ್ಟು ಕನ್ನಡ

ನಾನಿರುವ ತಮಿಳು ಊರಿನ ಕೀಲ್ಪಾಕ್ ಬಡಾವಣೆಯಲ್ಲಿ ಕುಡಿತ ಬಿಟ್ಟವರು ಒಟ್ಟಿಗೆ ವಾಸಿಸುವ ಮನೆಯೊಂದಿದೆ. ಅಲ್ಲಿಗೆ ಇನ್ವರ್ಟರ್ ರಿಪೇರಿಗೆ ಹೋಗಿದ್ದಾಗ ನನ್ನ ಹೆಂಡತಿಯ ಫೋನ್ ಬಂತು. ಮಾತು ಮುಗಿಸಿ ತಿರುಗಿದರೆ, ಆ ಮನೆಯ ನಡುವಯಸ್ಸಿನವರೊಬ್ಬರು ಬಾಗಿಲಲ್ಲಿ ನಿಂತಿದ್ದರು.

"ಮೈಸೂರು ಕಡೆಯೋರಾ? ನಾನು ನಂಜನಗೂಡು. ಇಲ್ಲಿಗೆ ಬಂದ್ಮೇಲೆ ಕನ್ನಡ ಕಿವಿಗೆ ಬಿದ್ದಿದ್ದು ಇವತ್ತೇ," ಎಂದರು.

ವಾರ್ಡನ್ ಮೆಲ್ಲಗೆ ತಡೆದರು. ಹೊರಗಿನವರ ಜೊತೆ ತಮಿಳಿನಲ್ಲೇ ಮಾತಾಡಬೇಕಂತೆ. ಹಿಂದೆ ಯಾರೋ ಅರ್ಥವಾಗದ ಭಾಷೆಯಲ್ಲಿ ಬಾಟಲಿ ತರಿಸಿಕೊಂಡಿದ್ದರಂತೆ.

ನಂಜನಗೂಡಿನವರು ತಲೆಯಾಡಿಸಿ, ವಾರ್ಡನ್‌ರನ್ನು ತಮಿಳಿನಲ್ಲೇ ಕೇಳಿದರು. "ಸಾರ್, ನನ್ನ ಹೆಂಡತಿ ಫೋನ್ ಎತ್ತುವುದಿಲ್ಲ. ಇವರ ಹೆಂಡತಿ ಮಾತಾಡುವುದನ್ನು ಸ್ವಲ್ಪ ಕೇಳಬಹುದಾ?"

ಅದನ್ನು ತಡೆಯಲು ವಾರ್ಡನ್ ಬಳಿ ನಿಯಮವಿರಲಿಲ್ಲ.

ನಾನು ಮತ್ತೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಹುರುಳಿಕಾಳು ಬೇಯದೆ ಸತಾಯಿಸಿದ್ದನ್ನು, ಮೇಲಿನ ಮನೆಯವರು ನಮ್ಮ ಬಟ್ಟೆಯ ಮೇಲೆ ನೀರು ಚೆಲ್ಲಿದ್ದನ್ನು ಅವಳು ಹೇಳುತ್ತಾ ಹೋದಳು. ನಂಜನಗೂಡಿನವರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು. "ಹುರುಳಿ ಬಸ್ಸಾರು," ಎಂದು ತುಟಿಯಲ್ಲೇ ಅಂದುಕೊಂಡರು. ನಿಲ್ಲಿಸಲು ಮನಸ್ಸಾಗದೆ ನಾನು "ಇನ್ನೇನು ವಿಶೇಷ, ಇನ್ನೇನು" ಎನ್ನುತ್ತಲೇ ಇದ್ದೆ.

ಅವಳಿಗೆ ಅನುಮಾನ ಬಂತು. "ಯಾಕ್ರೀ, ಹಗಲಲ್ಲೇ ಕುಡಿದಿದ್ದೀರಾ?"

ಅಷ್ಟು ಜನರಿದ್ದ ಆ ಮನೆಯಲ್ಲಿ ಅವತ್ತು ಆ ಅನುಮಾನಕ್ಕೆ ಸಿಕ್ಕಿದವನು ನಾನೊಬ್ಬನೇ.