ಮಂಡ್ಯಕ್ಕೆ ಹೊತ್ತ ಗಂಟು

ಎಪ್ಪತ್ತರ ದಶಕದ ನಡುವಿನ ಮಾತು. ಆಕಾಶದಲ್ಲಿ ಹಾರಿಹೋಗುವಾಗ ಬಿಟ್ಟರೆ ವಿಮಾನವನ್ನೇ ನೋಡದ ನನ್ನನ್ನು ವಿಮಾನ ನಿಲ್ದಾಣ ಕಾಯುವ ತರಬೇತಿಗೆ ಆರಿಸಿದರು. ನಾನಾಗ ಮಂಡ್ಯದಲ್ಲಿ ಪೊಲೀಸ್ ಪೇದೆ. ಎಲ್ಲೆಲ್ಲೋ ವಿಮಾನಗಳನ್ನು ಅಪಹರಿಸುತ್ತಿದ್ದ ಕಾಲ. ನಮ್ಮ ಸರ್ಕಾರವೂ ಹೊರದೇಶದ ಒಂದು ಸರ್ಕಾರವೂ ಮಾತಾಡಿಕೊಂಡು, ಅಲ್ಲಿಂದ ಒಬ್ಬ ಮೇಷ್ಟ್ರನ್ನು ಕರೆಸಿದ್ದರು. ಬೆಂಗಳೂರಿನ ತರಬೇತಿ ಶಾಲೆಯ ಕಟ್ಟಡ ರಿಪೇರಿಯಲ್ಲಿತ್ತಂತೆ, ಹಾಗಾಗಿ ಮೊದಲ ಮೂರು ವಾರದ ಪಾಠ ಮಂಡ್ಯದ ಕವಾಯತು ಮೈದಾನದಲ್ಲೇ ನಡೆಯಿತು. ಸುಣ್ಣದ ಗೆರೆ ಎಳೆದು ಇದು ರನ್‌ವೇ ಅಂದರು, ಎರಡು ಬೆಂಚು ಜೋಡಿಸಿ ಇದು ತಪಾಸಣೆಯ ಮೇಜು ಅಂದರು. ಆಚೆ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಕಿರುಗುಟ್ಟಿಕೊಂಡು ಹೋಗುತ್ತಿದ್ದವು. ನಾವು ಮೂವತ್ತು ಜನ ನಗು ತಡೆದುಕೊಂಡು ನಿಂತಿದ್ದೆವು.

ಪರದೇಶದ ಮೇಷ್ಟ್ರು ಮಾತ್ರ ನಗುವ ಆಸಾಮಿಯಲ್ಲ. ಅವರ ಇಂಗ್ಲಿಷನ್ನು ಒಬ್ಬ ಇನ್‌ಸ್ಪೆಕ್ಟರು ಕನ್ನಡಕ್ಕೆ ತಿರುಗಿಸುತ್ತಿದ್ದರು. ಪ್ರಯಾಣಿಕನಿಗೆ ಮೂರೇ ಪ್ರಶ್ನೆ: ಈ ಸಾಮಾನು ಯಾರದ್ದು? ಕಟ್ಟಿದವರು ಯಾರು? ಬೇರೆಯವರು ಏನಾದರೂ ಕೊಟ್ಟು ಕಳಿಸಿದ್ದಾರಾ? ಮೂರನೆಯದಕ್ಕೆ ಹೌದು ಅಂದವನನ್ನು ಅಪ್ಪನೇ ಆದರೂ ಬಿಡಬೇಡಿ ಅಂದರು. ಒಂದು ದಿನ ಬೂದುಬಣ್ಣದ ಮೆತ್ತನೆಯ ಉಂಡೆಯೊಂದನ್ನು ತಂದು ತೋರಿಸಿದರು. ಅದು ಬರೀ ಮಾದರಿ. ಆದರೆ ನಿಜವಾದ ಸಿಡಿಮದ್ದೂ ನೋಡಲು ಹೀಗೇ, ನದಿ ದಂಡೆಯ ಮಣ್ಣಿನ ಹಾಗೆ ಇರುತ್ತದೆ, ವಿಮಾನ ಉರುಳಿಸಲು ಒಂದು ಮುಷ್ಟಿ ಸಾಕು ಅಂದರು. ಕೊನೆಗೆ ಪಾಸಾದ ಹತ್ತು ಜನಕ್ಕೆ ಮಾತ್ರ ಬೆಂಗಳೂರಿನ ನಿಲ್ದಾಣದಲ್ಲಿ ಕೆಲಸ, ಉಳಿದವರು ಮತ್ತೆ ಜಿಲ್ಲೆಯ ಬಂದೋಬಸ್ತಿಗೆ. ನಾನು ಆ ಹತ್ತರಲ್ಲಿ ಒಬ್ಬನಾಗಲೇಬೇಕೆಂದು ಹಟ ಹಿಡಿದಿದ್ದೆ.

ಎರಡನೆಯ ಶನಿವಾರ ಊರಿಗೆ ಹೋದೆ. ಕಿರುಗಾವಲಿನಲ್ಲಿ ಇಳಿದು ಎರಡು ಮೈಲಿ ನಡೆದರೆ ನಮ್ಮೂರು. ಆ ಪಾಠ ತಲೆಗೆ ಹೊಕ್ಕಮೇಲೆ ನನಗೆ ಊರೇ ಬೇರೆಯಾಗಿ ಕಂಡಿತು. ಬಸ್ಸಿನಲ್ಲಿ ಪಕ್ಕದವನು ಚೀಲವನ್ನು ಕಾಲಡಿಗೆ ತಳ್ಳಿದ್ದು ಯಾಕೆ? ಅಂಗಡಿಯವನು ನನ್ನ ಮುಖ ನೋಡಿ ಮಾತು ನಿಲ್ಲಿಸಿದ್ದು ಯಾಕೆ? ಹಗ್ಗ ಕಂಡರೂ ಹಾವು ಅನ್ನುವ ಸ್ಥಿತಿ. ಅದನ್ನೇ ನಾನು ಬುದ್ಧಿವಂತಿಕೆ ಅಂದುಕೊಂಡಿದ್ದೆ.

ನಮ್ಮ ಕಡೆ ಯಾರಾದರೂ ಪಟ್ಟಣಕ್ಕೆ ಹೊರಟರೆ ಬರಿಗೈಲಿ ಹೋಗುವ ಹಾಗಿಲ್ಲ. ಕೇರಿಯವರೆಲ್ಲ ತಮ್ಮ ನೆಂಟರಿಗೆ ಒಂದೊಂದು ಗಂಟು ಕೊಡುತ್ತಾರೆ. ಒಳಗೆ ಏನಿದೆ ಎಂದು ಕೊಟ್ಟವರು ಹೇಳುವುದಿಲ್ಲ, ಹೊತ್ತವನು ಕೇಳುವುದಿಲ್ಲ. ಕೇಳಿದರೆ ಕೊಟ್ಟವರನ್ನು ಕಳ್ಳರು ಅಂದಹಾಗೆ. ಮೇಷ್ಟ್ರ ಮೂರನೆಯ ಪ್ರಶ್ನೆ ಕೇಳಿದರೆ ನಮ್ಮ ಜಿಲ್ಲೆಯ ಒಬ್ಬ ಪ್ರಯಾಣಿಕನೂ ವಿಮಾನ ಹತ್ತುತ್ತಿರಲಿಲ್ಲ.

ಭಾನುವಾರ ನಾನು ಹೊರಡುವಾಗ ಪಕ್ಕದ ಮನೆಯ ದೊಡ್ಡಮ್ಮ ಬಂದಳು. ಸಂಬಂಧದಲ್ಲಿ ದೊಡ್ಡಮ್ಮ ಅಲ್ಲ. ನಾನು ಹುಟ್ಟಿದಾಗ ಅವ್ವ ಜ್ವರದಲ್ಲಿ ಮಲಗಿದ್ದಳಂತೆ, ಎರಡು ತಿಂಗಳು ನನಗೆ ಹಾಲು ಕೊಟ್ಟು ಉಳಿಸಿದವಳು ಅವಳು. ಅವಳ ಮಗಳನ್ನು ಮಂಡ್ಯದಲ್ಲಿ ಕಾರ್ಖಾನೆಯ ಕೆಲಸಗಾರನಿಗೆ ಕೊಟ್ಟಿದ್ದರು. ಏಳು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಎರಡು ಸಲ ನಿಂತ ಬಸಿರು ಇಳಿದುಹೋಗಿತ್ತು.

"ಲೇ, ಇದ ನನ್ನ ಮಗಳ ಕೈಗೆ ಕೊಟ್ಬುಡ್ಲಾ. ಅವ್ಳ ಕೈಗೇ ಕೊಡು, ಇನ್ಯಾರ ಕೈಗೂ ಬ್ಯಾಡ" ಅಂದಳು. ಬಿಳಿ ಬಟ್ಟೆಯ ಗಂಟು, ಮೇಲೆ ದಾರದ ಹೊಲಿಗೆ.

ಇನ್ಯಾರ ಕೈಗೂ ಬೇಡ ಅಂದದ್ದು ನನ್ನ ತಲೆಯಲ್ಲಿ ಕೂತಿತು. ಮಳವಳ್ಳಿಗೆ ಒಂದು ಬಸ್ಸು, ಮದ್ದೂರಿಗೆ ಇನ್ನೊಂದು. ಗಂಟು ತೊಡೆಯ ಮೇಲಿತ್ತು. ಒತ್ತಿ ನೋಡಿದೆ, ಒಳಗೆ ಹೆಂಟೆ ಹೆಂಟೆಯಾಗಿ ಏನೋ ಇದೆ. ಮದ್ದೂರಿಗೆ ಬರುವ ಹೊತ್ತಿಗೆ ಅವಳ ಅಳಿಯನ ಜಾತಕವೆಲ್ಲ ನೆನಪಾಗಿತ್ತು: ಆ ವರ್ಷ ಮುಷ್ಕರದಲ್ಲಿ ಬಾವುಟ ಹಿಡಿದು ಮುಂದೆ ನಡೆದವನು, ನಾನು ಎದುರಿಗೆ ಬಂದರೆ ದಾರಿ ಬದಲಿಸುವವನು. ಮಂಡ್ಯದ ಬಸ್ಸು ಕೆಟ್ಟು ನಿಂತಿತ್ತು. ಮದ್ದೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಹಾಲು ಕೊಟ್ಟವಳ ಗಂಟಿನ ಹೊಲಿಗೆಯನ್ನು ಬ್ಲೇಡಿನಿಂದ ಕೊಯ್ದೆ.

ಹಳೆಯ ಸೀರೆಯ ಮೆತ್ತನೆ ತುಂಡುಗಳು, ಒಂದಿಷ್ಟು ಹುಣಸೆಹಣ್ಣು. ಅದರ ನಡುವೆ ಬೇರೆಯಾಗಿ ಸುತ್ತಿಟ್ಟ ಬೂದುಬಣ್ಣದ ಉಂಡೆಗಳು. ಮೂಸಿದೆ, ಹೊಗೆಯ ವಾಸನೆ. ಸತ್ಯ ಹೇಳಬೇಕೆಂದರೆ ಭಯದ ಜೊತೆಗೆ ಒಂದು ಸಂತೋಷವೂ ಇತ್ತು. ಮೂವತ್ತು ಜನರಲ್ಲಿ ಇಂಥದ್ದು ಹಿಡಿಯುವವನು ನಾನೊಬ್ಬನೇ.

ಮಂಡ್ಯ ಮುಟ್ಟುವಾಗ ಹಾಜರಿಯ ಹೊತ್ತಾಗಿತ್ತು, ಅವಳ ಮನೆಗೆ ಹೋಗಲಿಲ್ಲ. ಸೋಮವಾರ ಬೆಳಗ್ಗೆ ಮೈದಾನದಲ್ಲಿ ಎಲ್ಲರೂ ಪ್ರಯಾಣಿಕರ ಹಾಗೆ ಟ್ರಂಕು ಹಿಡಿದು ಸಾಲಾಗಿ ನಿಂತೆವು. ನನ್ನ ಸರದಿ ಬಂದಾಗ ಮೂರನೆಯ ಪ್ರಶ್ನೆಗೆ ಕಾಯದೆ ಗಂಟನ್ನು ಮೇಜಿನ ಮೇಲಿಟ್ಟು, ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಅಳಿಯ ಎಂಥವನು, ಎಲ್ಲವನ್ನೂ ಗಟ್ಟಿಯಾಗಿ ಒಪ್ಪಿಸಿದೆ. ಮೇಷ್ಟ್ರ ಮುಖ ಬಿಗಿಯಿತು. ನಮ್ಮನ್ನೆಲ್ಲ ಸುಣ್ಣದ ಗೆರೆಯಾಚೆ ನಿಲ್ಲಿಸಿದರು. ಉದ್ದನೆಯ ಇಕ್ಕಳದಲ್ಲಿ ಒಂದು ಉಂಡೆ ಎತ್ತಿ ಬಕೆಟ್ಟಿನ ನೀರಿಗೆ ಬಿಟ್ಟರು. ಉಂಡೆ ಕರಗಿ ನೀರು ಬಗ್ಗಡವಾಯಿತು.

ಮೈದಾನ ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. "ಅಯ್ಯೋ ನಿಮ್ಮನೆ ಆಳಾಗ! ಇದು ಕೆರೆ ಮಣ್ಣು ಕಣ್ರಪ್ಪ. ಒಲೆ ಮ್ಯಾಲೆ ಒಣಗ್ಸವ್ರೆ. ಬಸ್ರೀರು ಆಸೆಪಟ್ಟು ತಿಂತಾರೆ. ಯಾರ್ ಮನೆ ಎಣ್ಮಗ್ಳು ಬಸ್ರಿ ಆಗಿರೋದು?"

ಯಾರ ಮನೆಯದೆಂದು ನಾನೇ ಆಗಲೇ ಮೂವತ್ತು ಜನರಿಗೆ ಸಾರಿ ಹೇಳಿದ್ದೆ. ಮಳವಳ್ಳಿಯ ಪೇದೆಯೊಬ್ಬ ನಕ್ಕು, "ಓ, ಏಳ್ವರ್ಸದಿಂದ ಆಗ್ದೆ ಇದ್ದೋಳಾ? ಅಂತೂ ಆಯ್ತಲ್ಲ ಬುಡು" ಅಂದ. ಎಲ್ಲರೂ ನಕ್ಕರು. ಇನ್‌ಸ್ಪೆಕ್ಟರು ವಿವರಿಸಿದಾಗ ಪರದೇಶದ ಮೇಷ್ಟ್ರು ಮಾತ್ರ ನಗಲಿಲ್ಲ. ಬಸುರಿ ಮಣ್ಣು ತಿನ್ನುವ ಸಂಗತಿಯನ್ನು ತಮ್ಮ ಪುಸ್ತಕದಲ್ಲಿ ಶ್ರದ್ಧೆಯಿಂದ ಬರೆದುಕೊಂಡು, ಅನುಮಾನ ಬಂದದ್ದನ್ನು ಮುಚ್ಚಿಡದೆ ತಂದವನು ಇವನೊಬ್ಬನೇ ಎಂದು ನನ್ನ ಬೆನ್ನು ತಟ್ಟಿದರು. ನನ್ನ ಹೆಸರು ಹತ್ತರ ಪಟ್ಟಿಯಲ್ಲಿ ಮೊದಲು ಬಂತು.

ಐದು ತಿಂಗಳು ತುಂಬುವ ತನಕ ಬಸಿರನ್ನು ಬಾಯಿ ಬಿಡಬಾರದು, ಬಿಟ್ಟರೆ ಕಣ್ಣು ಬೀಳುತ್ತದೆ ಎನ್ನುವುದು ನಮ್ಮವರ ನಂಬಿಕೆ. ಎರಡು ಸಲ ಕಳೆದುಕೊಂಡ ಮನೆಯವರು ಈ ಸಲ ಉಸಿರು ಬಿಗಿಹಿಡಿದು ಕೂತಿದ್ದರು. ಗಂಡನಿಗೂ ಹೇಳಿರಲಿಲ್ಲವಂತೆ. ಸಂಜೆ ಉಳಿದ ಉಂಡೆಗಳನ್ನು ಗಂಟಿಗೆ ಹಾಕಿ ಹೇಗೋ ಹೊಲಿದು ತೆಗೆದುಕೊಂಡು ಹೋದೆ. ಮಗಳು ಹೊಲಿಗೆ ನೋಡಿದಳು, ನನ್ನನ್ನು ನೋಡಿದಳು. "ದಾರೀಲಿ ಬಿಚ್ಕೊಂಡಿತ್ತಾ?" ಅಂದಳು. ಹೂಂ ಅಂದೆ.

ನಾನು ಮತ್ತೆ ಊರಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಅವ್ವ ತಟ್ಟೆ ಇಡಲಿಲ್ಲ. "ಅವ್ಳ ಆಲು ಕುಡ್ದು ಅವ್ಳ ಗಂಟ್ಗೇ ಬ್ಲೇಡು ಆಕ್ದಲ್ಲೋ. ಈ ಸಲಾನೂ ಏನಾರ ಎಚ್ಚುಕಮ್ಮಿ ಆದ್ರೆ ಅವ್ಳ ಮಕ ಎಂಗ್ಲಾ ನೋಡ್ಲಿ ನಾನು?" ಅಂದಳು.

ದೊಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕಾಲು ಹಿಡಿಯೋಣವೆಂದು ಹೋದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಕೇಳ್ಬೌದಿತ್ತಲ್ಲ ಕಣ್ಲಾ. ನೀನು ಕೇಳಿದ್ರೆ ಏಳ್ತಿರ್ನಿಲ್ವಾ ನಾನು?" ಅಂದಳು. ಮತ್ತೆ ಅವರೆಕಾಯಿಗೆ ತಲೆ ಬಗ್ಗಿಸಿದಳು.

ಆ ಆರು ತಿಂಗಳು ನಾನು ಪಟ್ಟ ಯಾತನೆ ನನಗೇ ಗೊತ್ತು. ಬೆಂಗಳೂರಿನ ನಿಲ್ದಾಣದಲ್ಲಿ ನಿಂತು ಸೂಟು ಬೂಟಿನವರ ಪೆಟ್ಟಿಗೆ ತಡಕುತ್ತಿದ್ದೆ, ಮನಸ್ಸು ಮಂಡ್ಯದ ಆ ಮನೆಯಲ್ಲಿ ಇರುತ್ತಿತ್ತು. ಊರಿನಿಂದ ಕಾಗದ ಬಂದರೆ ಒಡೆಯಲು ಹೆದರುತ್ತಿದ್ದೆ. ಕಣ್ಣು ಬೀಳುವುದನ್ನೆಲ್ಲ ನಾನು ನಂಬುವವನಲ್ಲ, ಆದರೂ ದೇವರಿಗೆ ಹರಕೆ ಹೊತ್ತೆ.

ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅವ್ವನಿಗೆ ಅದು ಗೊತ್ತಾದದ್ದು ಬಾವಿಕಟ್ಟೆಯಲ್ಲಿ, ಮೂರನೆಯವರ ಬಾಯಿಂದ. ಕೇರಿಯ ಎಲ್ಲ ಮನೆಗೂ ಸಕ್ಕರೆ ಹಂಚಿದರು, ನಮ್ಮ ಮನೆಯ ಬಾಗಿಲು ದಾಟಿ ಮುಂದಕ್ಕೆ ಹೋದರು. ಅವ್ವ ಅವತ್ತು ಒಲೆ ಹಚ್ಚಲಿಲ್ಲ.

ಮುಂದಿನ ಸಲ ರಜೆ ಮುಗಿಸಿ ಕಿರುಗಾವಲಿನಲ್ಲಿ ಮದ್ದೂರಿಗೆ ಹೊಸದಾಗಿ ಬಿಟ್ಟಿದ್ದ ನೇರ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬಂದು ನಿಂತ ಹೊತ್ತಿಗೆ ದೊಡ್ಡಮ್ಮ ಒಂದು ಗಂಟು ಹಿಡಿದು ಬಂದಳು. ನಾನು ಎದ್ದು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿಕೊಂಡು ಹೋಗಿ, ಅವತ್ತೇ ಮೊದಲು ಆ ದಾರಿಗೆ ಬಂದಿದ್ದ ಕಂಡಕ್ಟರನ ಕೈಗೆ ಕೊಟ್ಟು, "ಮದ್ದೂರಲ್ಲಿ ಮಂಡ್ಯದ ಬಸ್ನೋರ್ಗೆ ಕೊಟ್ಬುಡಪ್ಪ, ನನ್ನ ಅಳಿಯ ಬಂದು ಈಸ್ಕೊತಾನೆ" ಅಂದಳು. ಅವನು ಏನೂ ಕೇಳದೆ ಅದನ್ನು ಡ್ರೈವರನ ಪಕ್ಕದಲ್ಲಿಟ್ಟ. ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು, ಆ ಗಂಟಿನ ಹಿಂದೆಯೇ. ಮದ್ದೂರಿನ ತನಕ ಕೈಗಳನ್ನು ತೊಡೆಯಡಿಗೆ ಇಟ್ಟುಕೊಂಡು ಕೂತಿದ್ದೆ.