ಹಿಮ್ಮುಖ ನಡಿಗೆ

ಪಕ್ಕದ ಮನೆಯ ಶಾಂತಕ್ಕನ ಮೊಮ್ಮಕ್ಕಳಿಬ್ಬರು ಬೇಸಿಗೆ ರಜೆಗೆ ರಾಯಚೂರಿನಿಂದ ನಮ್ಮ ಮಣಿಕೊಂಡದ ಅಪಾರ್ಟ್‌ಮೆಂಟಿಗೆ ಬಂದಿದ್ದರು.

"ಸಂಜಿಗೆ ವಾಕಿಂಗ್ ಮಾಡೋ ಮುಂದ ಹುಡುಗ್ಯಾರ ಮ್ಯಾಲ ಒಂದು ಕಣ್ಣಿಟ್ಟಿರ್ರಿ. ಆದ್ರ ಅವರಿಗೆ ಗೊತ್ತಾಗಬಾರದು. ದೊಡ್ಡಾಕಿಗೆ ಭಾಳ ಸಿಟ್ಟು ಬರತೈತಿ," ಎಂದರು ಶಾಂತಕ್ಕ.

ಮಕ್ಕಳು ಆಡುತ್ತಿದ್ದ ಜಾರುಬಂಡೆ ದಾಟಿದರೆ ಅವರು ನನ್ನ ಬೆನ್ನ ಹಿಂದಾಗುತ್ತಿದ್ದರು. ಅದಕ್ಕೇ ಅಲ್ಲಿಂದ ಮುಂದಕ್ಕೆ ಹಿಮ್ಮುಖವಾಗಿ ನಡೆಯತೊಡಗಿದೆ. ಕೆಳಗಿನ ಮನೆಯ ರೆಡ್ಡಿಗಾರು "ಇದೇಂಟಮ್ಮಾ?" ಎಂದು ಬೆರಗಾದರು. ನಿಜ ಹೇಳುವಂತಿರಲಿಲ್ಲ. ಮೊಣಕಾಲು ನೋವಿಗೆ ಒಳ್ಳೆಯದೆಂದು ತೆಲುಗಿನಲ್ಲೇ ಒಂದು ಸುಳ್ಳು ಬಿಟ್ಟೆ. ಮರುದಿನ ಅವರೂ ಹಿಮ್ಮುಖವಾಗಿ ಹೊರಟರು.

ಒಂದು ಸಂಜೆ ಚಿಕ್ಕವಳು ಚೆಂಡಿನ ಹಿಂದೆ ಗೇಟಿನತ್ತ ಓಡಿದಳು. ಕಾರೊಂದು ಒಳಗೆ ಬರುತ್ತಿತ್ತು. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವಳು ತಂಗಿಯ ಫ್ರಾಕ್ ಹಿಡಿದು ಎಳೆದು ನಿಲ್ಲಿಸಿಬಿಟ್ಟಿದ್ದಳು. ಆಮೇಲೆ ನನ್ನತ್ತ ತಿರುಗಿದಳು.

"ಆಂಟಿ, ಇನ್ನ ಮುಂದ ನೋಡ್ಕೊಂಡು ನಡೀರಿ, ಬಿದ್ದಗಿದ್ದೀರಿ. ಇಕೀನ್ನ ನಾ ನೋಡ್ಕೋತೀನಿ."

ನಾನೇ ಹೆತ್ತವಳೇನೋ ಎನ್ನುವಷ್ಟು ಹೆಮ್ಮೆಯಾಯಿತು.

ಮಕ್ಕಳು ಊರಿಗೆ ಹೋದರು. ನಾನೀಗ ಎಲ್ಲರಂತೆ ಮುಂದೆ ನೋಡಿಕೊಂಡೇ ನಡೆಯುತ್ತೇನೆ. ರೆಡ್ಡಿಗಾರು ಮಾತ್ರ ಇನ್ನೂ ಹಿಮ್ಮುಖವಾಗಿಯೇ ನಡೆಯುತ್ತಾರೆ. ಮೊಣಕಾಲು ನೋವು ಪೂರ್ತಿ ಹೋಗಿದೆಯಂತೆ.